ಬಿಲ್ಲೆ ತೆಗೆದ ವಾಲ್ವು

ವಾಲ್ವಕ್ಕನಂಥ ಹೆದರುಪುಕ್ಕಲಿ ಪಂಪು ರಿಪೇರಿಯ ಕಸುಬಿಗೆ ಬಂದದ್ದೇ ಒಂದು ಸೋಜಿಗ. ಮೋಟರಿಗೆ ಕೈ ಹಚ್ಚುವ ಮೊದಲು ಮೇನ್ ಸ್ವಿಚ್ಚು ಆರಿಸುವಳು. ಆರಿಸಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಹೋಗಿ ನೋಡುವಳು. ಅಷ್ಟಕ್ಕೂ ಸಮಾಧಾನವಾಗದೆ ಫ್ಯೂಸನ್ನೇ ಕಿತ್ತು ಅಂಗಿಯ ಜೇಬಿಗೆ ಇಳಿಸಿ, ಜೇಬಿನ ಗುಂಡಿಯನ್ನೂ ಹಾಕಿಕೊಂಡು, ಆಮೇಲೆ ಕೈಯ ಹಿಂಬದಿಯಿಂದ ಮೋಟರನ್ನು ಒಮ್ಮೆ ಸವರಿ ನೋಡುವಳು. ಹೊಲದವರಿಗೆ ಇದೊಂದು ಪುಕ್ಕಟೆ ನಾಟಕ. "ಫ್ಯೂಸು ನಿನ್ನ ಜೇಬಲ್ಲೇ ಇದೆ, ಕರೆಂಟು ಇನ್ನೆಲ್ಲಿಂದ ಬರುತ್ತಕ್ಕಾ?" ಎಂದು ಕೇಳಿದರೆ, "ನನ್ನ ಹಣೆಬರಹಕ್ಕೆ ನಡ್ಕೊಂಡಾದ್ರೂ ಬಂದೀತು" ಎನ್ನುವಳು. ಅವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ, ಅವಳಿಗೆ ಅದು ನಿಜವಾದ ಭಯ.

ಅವಳಪ್ಪನೂ ಪಂಪು ಮೇಸ್ತ್ರಿಯೇ. ಅಪ್ಪನದು ದಪ್ಪ ಕೈ, ಪೈಪಿನೊಳಗೆ ತೂರುತ್ತಿರಲಿಲ್ಲ. ಮಗಳದು ಕಡ್ಡಿಯಂಥ ಕೈ, ಮೊಣಕೈವರೆಗೂ ಇಳಿಯುತ್ತಿತ್ತು. ಹಾಗೆ ಶುರುವಾದದ್ದು. ಅಮ್ಮ ಬೇಗ ತೀರಿಕೊಂಡಿದ್ದಳು, ಮನೆಯಲ್ಲಿ ಇನ್ನೂ ಸರಿಯಾಗಿ ನಡೆಯಲು ಬಾರದ ತಂಗಿ. ಇವಳು ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಪ್ಪನ ಹಿಂದೆ ಹೊಲದಿಂದ ಹೊಲಕ್ಕೆ ತಿರುಗಿದಳು. ಅಪ್ಪನ ಬೆನ್ನು ಕೈಕೊಟ್ಟ ಮೇಲೆ ಸ್ಪ್ಯಾನರುಗಳ ಚೀಲ ಇವಳ ಹೆಗಲಿಗೇ ಬಂತು. ಇವಳು ಕೂರಿಸಿದ ವಾಲ್ವು ಒಂದು ತೊಟ್ಟೂ ಸೋರುವುದಿಲ್ಲ ಎಂದು ಹೆಸರಾಯಿತು, ಆ ಹೆಸರೇ ಅಂಟಿಕೊಂಡಿತು. ಮದುವೆಯ ಮಾತುಗಳೂ ಬಂದವು, ಇವಳು ಹೆದರಿದಳು. ಸ್ಪ್ಯಾನರು ಹಿಡಿದ ಹೆಣ್ಣನ್ನು ನೋಡಿ ಬಂದ ಗಂಡುಗಳೂ ಹೆದರಿದರೋ ಏನೋ, ಒಂದೂ ಕೂಡಿಬರಲಿಲ್ಲ. ತಂಗಿಯ ಮದುವೆಯನ್ನು ಮಾತ್ರ ತಾನೇ ನಿಂತು ಮಾಡಿದಳು.

ಕರೆಂಟಿಗೆ ಹೆದರಿದ್ದರಿಂದ ಒಳ್ಳೆಯ ಮೇಸ್ತ್ರಿಯಾದಳು ಅನ್ನಿ. ಆದರೆ ಅವಳು ಮನುಷ್ಯರಿಗೂ ಅಷ್ಟೇ ಹೆದರುತ್ತಿದ್ದಳು. ಯಾರಾದರೂ ಸ್ವಲ್ಪ ದನಿ ಎತ್ತಿದರೆ ಸಾಕು, ಬಾಯಿಂದ ತಾನಾಗಿ "ಹೂಂ" ಬಂದುಬಿಡುತ್ತಿತ್ತು. ಕರೆಂಟಿನಿಂದ ತಪ್ಪಿಸಿಕೊಳ್ಳಲು ಫ್ಯೂಸು ಕೀಳಬಹುದು. ಜನರಿಂದ ತಪ್ಪಿಸಿಕೊಳ್ಳಲು ಏನನ್ನು ಕೀಳಬೇಕೋ ಅವಳಿಗೆ ಗೊತ್ತಿರಲಿಲ್ಲ.

ಹೀಗಿರುವಾಗ ನೀರಿನ ಹೊಸ ನಿಯಮಗಳು ಬಂದವು. ಬಂದದ್ದು ಒಳ್ಳೆಯದಕ್ಕೇ, ಅದರಲ್ಲಿ ಎರಡು ಮಾತಿಲ್ಲ. ಮನಸ್ಸಿಗೆ ಬಂದ ಕಡೆ ಬಾವಿ ತೋಡಿ, ಬಂದಷ್ಟು ನೀರೆಳೆದು, ನೆಲದ ಒಳಗಿನ ನೀರು ಪಾತಾಳ ಸೇರಿತ್ತು. ಆಳ ಹೋದಷ್ಟೂ ನೀರು ಕಹಿಯಾಗುತ್ತಿತ್ತು. ನೀರಿನ ಇಲಾಖೆಯವರು ಬಂದು ಅರ್ಧಕ್ಕರ್ಧ ಬಾವಿ ಮುಚ್ಚಿಸಿದರು. ಇನ್ನು ಮುಂದೆ ಒಂದು ಸಾಲಿನ ಹೊಲಗಳಿಗೆಲ್ಲ ಸೇರಿ ಒಂದೇ ಬಾವಿ, ಆ ಸಾಲಿನ ಮನೆಗಳ ನಲ್ಲಿಗೂ ಅದೇ ಬಾವಿ. ಪ್ರತಿ ಪಂಪಿಗೂ ಮೀಟರು, ಪ್ರತಿ ಹೊಲಕ್ಕೂ ಸರದಿ. ಜೊತೆಗೆ ಇನ್ನೊಂದು ಕಟ್ಟುನಿಟ್ಟು. ಈಗ ಗೊಬ್ಬರವನ್ನು ಯಾರೂ ಕೈಯಲ್ಲಿ ಎರಚುವುದಿಲ್ಲ. ಡ್ರಮ್ಮಿನಲ್ಲಿ ಕರಗಿಸಿ, ಡ್ರಮ್ಮಿನ ಸಣ್ಣ ಪೈಪನ್ನು ಪಂಪಿನ ದೊಡ್ಡ ಪೈಪಿಗೆ ಕೂಡಿಸಿಬಿಟ್ಟರೆ ನೀರಿನ ಜೊತೆ ಅದೂ ಗಿಡದ ಬುಡಕ್ಕೆ ಹೋಗುತ್ತದೆ. ಹಾಗೆ ಗೊಬ್ಬರ ಕೂಡಿಸುವ ಬಾವಿಗೆಲ್ಲ ವಾಪಸು ಬಿಡದ ವಾಲ್ವು ಇರಲೇಬೇಕು, ಅದರ ಮೇಲೆ ಇಲಾಖೆಯ ಸೀಲು ಇರಲೇಬೇಕು ಎಂದರು.

ಆ ವಾಲ್ವಿನೊಳಗೆ ಹಿತ್ತಾಳೆಯ ಒಂದು ಬಿಲ್ಲೆ ತೂಗುತ್ತಿರುತ್ತದೆ. ನೀರು ಮುಂದಕ್ಕೆ ಹೋಗುವಾಗ ಬಿಲ್ಲೆ ಏಳುತ್ತದೆ. ಪಂಪು ನಿಂತು ನೀರು ಹಿಂದಕ್ಕೆ ಬೀಳುವಾಗ ಬಿಲ್ಲೆ ಬಂದು ಬಾಯಿ ಮುಚ್ಚುತ್ತದೆ. ಅಷ್ಟೇ ಅದರ ಕೆಲಸ. ಬಿಲ್ಲೆ ಇಲ್ಲದಿದ್ದರೆ, ಪಂಪು ನಿಂತ ಗಳಿಗೆಯಲ್ಲಿ ಪೈಪಿನ ನೀರೆಲ್ಲ ಬಾವಿಗೆ ವಾಪಸು ಇಳಿಯುತ್ತದೆ, ಇಳಿಯುವಾಗ ಡ್ರಮ್ಮಿನಲ್ಲಿರುವುದನ್ನೂ ಎಳೆದುಕೊಂಡು ಹೋಗುತ್ತದೆ.

ಬೆಳೆಗಾರರಿಗೆ ಈ ಬಿಲ್ಲೆ ಕಣ್ಣಿಗೆ ಬಿದ್ದ ಕಸವಾಯಿತು. ಸರದಿ ಇರುವುದೇ ಸ್ವಲ್ಪ ಹೊತ್ತು, ಅದರಲ್ಲಿ ಈ ಬಿಲ್ಲೆ ಬೇರೆ ಅಡ್ಡ ನಿಂತು ಒತ್ತಡ ತಿನ್ನುತ್ತದೆ, ಕೊನೇ ಸಾಲಿನ ಗಿಡಕ್ಕೆ ನೀರೇ ಮುಟ್ಟುವುದಿಲ್ಲ ಎಂದು ಗೊಣಗಿದರು. ಪಂಪು ಮೇಸ್ತ್ರಿಗಳಲ್ಲಿ ಇದಕ್ಕೊಂದು ಗುಟ್ಟಿನ ಮದ್ದಿತ್ತು. ವಾಲ್ವನ್ನು ಇದ್ದಲ್ಲೇ ಬಿಟ್ಟು, ಸೀಲು ಹರಿಯದ ಹಾಗೆ ಪಕ್ಕದ ಜೋಡಣೆ ಬಿಚ್ಚಿ, ಒಳಗೆ ಕೈ ತೂರಿಸಿ ಬಿಲ್ಲೆಯೊಂದನ್ನು ಕಳಚಿ ತೆಗೆಯುವುದು. ಹೊರಗಿನಿಂದ ನೋಡಿದರೆ ವಾಲ್ವು ವಾಲ್ವಿನ ಹಾಗೇ ಇರುತ್ತದೆ. ತಪಾಸಣೆಗೆ ಬರುವ ಮೀಟರ್ ಸಾಹೇಬರು ಸೀಲು ನೋಡಿ, ವಾಲ್ವಿನ ಬೆನ್ನು ತಟ್ಟಿ ಹೋಗುತ್ತಿದ್ದರು. ಇದಕ್ಕೆ ಬೇಕಾದದ್ದು ಕಡ್ಡಿಯಂಥ ಕೈ. ಊರಲ್ಲಿ ಅಂಥ ಕೈ ಇದ್ದದ್ದು ವಾಲ್ವಕ್ಕ ಒಬ್ಬಳಿಗೇ.

ಮೊದಲು ಬಂದವರು ಮೀಸೆ ಯಜಮಾನರು. ಟೊಮೆಟೊ ಬೆಳೆಯುವವರಲ್ಲಿ ಅವರದು ದೊಡ್ಡ ತಲೆ, ಅವರ ಮಾತಿಗೆ ಎದುರಾಡಿದವರು ಕಡಿಮೆ. ವಾಲ್ವಕ್ಕನ ಅಂಗಡಿಯ ಬಾಗಿಲಿಗೆ ಅಡ್ಡ ನಿಂತು ಹೇಳಿದರು, "ಬಿಲ್ಲೆ ತೆಗೆದುಬಿಡು."

"ಯಜಮಾನ್ರೇ, ಅದು ಬೇಡ. ಬಾವಿಗೆ ಗೊಬ್ಬರ ಇಳಿದ್ರೆ..."

"ಇಳಿಯೋಕೆ ನಾನು ಬಿಡ್ತೀನಾ? ಕರೆಂಟು ಹೋದ ಕೂಡ್ಲೇ ಡ್ರಮ್ಮಿನ ನಲ್ಲಿ ತಿರುಗಿಸಿ ಮುಚ್ಚಿದ್ರಾಯ್ತು. ನನಗೆ ಪಾಠ ಹೇಳ್ಬೇಡ."

"ಆದ್ರೂ ನಿಯಮ..."

"ನಿನ್ನ ಕೈಲಾಗಲ್ಲ ಅಂದ್ರೆ ಹೇಳು, ಬೇರೆ ಊರಿಂದ ಯಾರನ್ನಾದ್ರೂ ಕರೆಸ್ತೀನಿ. ಆಮೇಲೆ ಈ ಸಾಲಿನ ಯಾವ ಹೊಲಕ್ಕೂ ನಿನ್ನನ್ನ ಯಾರೂ ಕರೆಯಲ್ಲ, ಅಷ್ಟೇ."

ಅವಳ ಬಾಯಿಂದ "ಹೂಂ" ಬಂತು.

ಯಜಮಾನರ ಕೊನೇ ಸಾಲಿನ ಗಿಡಗಳು ನಳನಳಿಸಿದ್ದು ನೋಡಿ ಉಳಿದವರೂ ಬಂದರು. ಒಬ್ಬರಿಗೆ ಮಾಡಿ ಇನ್ನೊಬ್ಬರಿಗೆ ಇಲ್ಲ ಎನ್ನಲು ಅವಳಿಗೆ ಇನ್ನೂ ಹೆದರಿಕೆ. ಒಂದೊಂದು ಬಾವಿಯ ಬಳಿ ಕೂತು ಬಿಲ್ಲೆ ಕಳಚುವಾಗಲೂ "ಡ್ರಮ್ಮಿನ ನಲ್ಲಿ ಮುಚ್ಚೋದು ಮರೀಬೇಡಿ, ದಮ್ಮಯ್ಯ" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಎಲ್ಲರೂ ಹೂಂಗುಟ್ಟುತ್ತಿದ್ದರು. ಕೇಳಿಸಿಕೊಂಡವರು ಎಷ್ಟು ಜನವೋ ದೇವರೇ ಬಲ್ಲ. ಅಂದಿನಿಂದ ಕರೆಂಟು ಹೋದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಕತ್ತಲಾಯಿತೆಂದು ಬೇರೆಯವರು ಬೈದುಕೊಂಡರೆ, ಇವಳು ಒಂದೊಂದೇ ಹೊಲವನ್ನು ನೆನೆಸಿಕೊಂಡು, ಅಲ್ಲಿ ನಲ್ಲಿ ಮುಚ್ಚಿರಬಹುದೇ, ಇಲ್ಲಿ ಮುಚ್ಚಿರಬಹುದೇ ಎಂದು ಕೂತಲ್ಲೇ ಕುದಿಯುವಳು.

ಈ ನಡುವೆ ತಂಗಿಗೆ ಹೆಣ್ಣುಮಗು ಹುಟ್ಟಿತು. ತಂಗಿಯ ಮನೆ ಮೀಸೆ ಯಜಮಾನರ ಸಾಲಿನ ತುದಿಯಲ್ಲಿ, ನೀರು ಅದೇ ಬಾವಿಯದು. ತಂಗಿಯ ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಬಹುಪಾಲು ದಾರಿಯಲ್ಲೇ. ತಂಗಿಗೆ ಎದೆಹಾಲು ಸಾಲದೆ ಮಗುವಿಗೆ ಪುಡಿ ಹಾಲು ಕಲಸಿ ಬಾಟಲಿಯಲ್ಲಿ ಕೊಡಬೇಕಾಯಿತು. ದೊಡ್ಡಮ್ಮನಾದ ವಾಲ್ವಕ್ಕನಿಗೆ ಸಂತೋಷಕ್ಕಿಂತ ಹೆದರಿಕೆಯೇ ಒಂದು ಕೈ ಮೇಲು. ಮಗು ಸೀನಿದರೆ ಹೆದರಿಕೆ, ಸೀನದಿದ್ದರೂ ಹೆದರಿಕೆ. "ನೀರು ಚೆನ್ನಾಗಿ ಕುದಿಸು. ಕುದಿ ಬಂತು ಅಂತ ಇಳಿಸ್ಬೇಡ, ಇನ್ನೂ ಸ್ವಲ್ಪ ಹೊತ್ತು ಬಿಡು, ಅರ್ಧ ಆದ್ರೂ ಚಿಂತೆಯಿಲ್ಲ" ಎಂದು ತಂಗಿಯ ತಲೆ ತಿನ್ನುತ್ತಿದ್ದಳು. ತಂಗಿ, "ಆಯ್ತು ಮಾರಾಯ್ತಿ, ಪಾತ್ರೆ ತೂತು ಬೀಳೋವರೆಗೂ ಕುದಿಸ್ತೀನಿ" ಎಂದು ನಗುವಳು. ನಕ್ಕರೂ ಅಕ್ಕ ಹೇಳಿದ ಹಾಗೇ ಮಾಡುವಳು.

ಒಂದು ಬೆಳಗ್ಗೆ ಮೀಸೆ ಯಜಮಾನರ ಹೊಲದಿಂದ ಕರೆ ಬಂತು, ಫಿಲ್ಟರು ಕಟ್ಟಿಕೊಂಡಿದೆ, ಬಂದು ನೋಡು ಎಂದು. ವಾಲ್ವಕ್ಕ ಹೋದಳು. ಪದ್ಧತಿಯಂತೆ ಸ್ವಿಚ್ಚು, ಫ್ಯೂಸು, ಜೇಬು, ಗುಂಡಿ ಎಲ್ಲ ಮುಗಿಸಿ ಫಿಲ್ಟರು ಬಿಚ್ಚಲು ಕೂತಾಗ ಪಕ್ಕದ ಡ್ರಮ್ಮಿನ ಮೇಲೆ ಕಣ್ಣು ಹೋಯಿತು. ಡ್ರಮ್ಮು ಖಾಲಿ. ತಳದಲ್ಲಿ ಬಿಳಿ ಗಸಿ ಒಣಗಿ ನಿಂತಿತ್ತು. ಪಕ್ಕದಲ್ಲಿ ನೈಟ್ರೇಟ್ ಗೊಬ್ಬರದ ಖಾಲಿ ಚೀಲಗಳು ಬಿದ್ದಿದ್ದವು.

"ಗೊಬ್ಬರ ಬಿಟ್ಟಾಯ್ತಾ ಯಜಮಾನ್ರೇ?" ಎಂದಳು, ಸುಮ್ಮನೆ ಮಾತಿಗೆ.

"ಎಲ್ಲಿ ಬಿಡೋದು? ನಿನ್ನೆ ಮಧ್ಯಾಹ್ನ ಡ್ರಮ್ ತುಂಬ ಕರಗಿಸಿ ಪಂಪ್ ಹಾಕಿದ್ದೇ ತಡ, ಕರೆಂಟು ಹೋಯ್ತು. ಸಂಜೆವರೆಗೂ ಬರಲಿಲ್ಲ, ಸರದಿನೂ ಮುಗೀತು. ಇವತ್ತು ಬಿಡ್ಬೇಕು."

"ಡ್ರಮ್ಮಲ್ಲಿ ಏನೂ ಇಲ್ವಲ್ಲ?"

ಯಜಮಾನರು ಬಂದು ಡ್ರಮ್ಮಿನೊಳಗೆ ಬಗ್ಗಿ ನೋಡಿದರು. "ಸೋರಿರಬೇಕು" ಎಂದರು. ಡ್ರಮ್ಮಿನ ಕೆಳಗಿನ ಮಣ್ಣು ಒಣಗಿ ಬೂದಿಯಾಗಿತ್ತು. ಗಿಡಗಳ ಬುಡವೂ ಒಣಗಿತ್ತು. ವಾಲ್ವಕ್ಕ ಡ್ರಮ್ಮಿನ ನಲ್ಲಿಯನ್ನು ನೋಡಿದಳು. ಅದರ ಹಿಡಿ ಪೈಪಿನ ನೇರಕ್ಕೇ ಇತ್ತು, ಪೂರ್ತಿ ತೆರೆದಿತ್ತು.

ಡ್ರಮ್ಮಿನಲ್ಲಿದ್ದದ್ದು ಹೊಲಕ್ಕೆ ಹೋಗಿಲ್ಲ, ನೆಲಕ್ಕೆ ಹೋಗಿಲ್ಲ ಎಂದ ಮೇಲೆ ಉಳಿದ ದಾರಿ ಒಂದೇ. ನಿನ್ನೆ ಮಧ್ಯಾಹ್ನದಿಂದ ಅದು ಬಾವಿಯಲ್ಲಿದೆ, ನಿನ್ನೆ ಸಂಜೆಯಿಂದ ಮನೆಮನೆಯ ನಲ್ಲಿಯಲ್ಲಿ ಬರುತ್ತಿದೆ. ದೊಡ್ಡವರು ಕುಡಿದರೆ ಹೊಟ್ಟೆ ಕೆಟ್ಟು ಸುಧಾರಿಸಿಕೊಂಡಾರು. ಆದರೆ ಎಳೆಗೂಸಿಗೆ ಆಗುವುದಿಲ್ಲ, ಮೈ ನೀಲಿಗಟ್ಟುತ್ತದೆ ಎಂದು ಇಲಾಖೆಯ ಸಭೆಯಲ್ಲಿ ಹೇಳಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು. ನೈಟ್ರೇಟು ಕುದಿಸಿದರೆ ಸಾಯುವ ಕ್ರಿಮಿಯಲ್ಲ, ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದ ಆ ಮಾತು ಈಗ ನೆನಪಾಯಿತು. ಇನ್ನೂ ಕುದಿಸು, ಅರ್ಧ ಆದ್ರೂ ಚಿಂತೆಯಿಲ್ಲ ಎಂದದ್ದು ಯಾರು? ತಾನೇ.

ಸ್ಪ್ಯಾನರು ಅಲ್ಲೇ ಬಿಟ್ಟು ಓಡಿದಳು. ಯಜಮಾನರು ಹಿಂದಿನಿಂದ ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಸಾಲಿನ ಉದ್ದಕ್ಕೂ, ಏನೂ ಆಗಿರುವುದಿಲ್ಲ, ಮಗು ನಗುತ್ತಿರುತ್ತದೆ, ತಂಗಿ ತನ್ನನ್ನು ಗೇಲಿ ಮಾಡುತ್ತಾಳೆ, ಮಾಡಲಿ, ಬೇಕಾದಷ್ಟು ಮಾಡಲಿ ಎಂದುಕೊಂಡೇ ಓಡಿದಳು. ಹುಟ್ಟಿದಾಗಿನಿಂದ ಹೆದರಿದ್ದೆಲ್ಲ ಸುಳ್ಳಾಗಿತ್ತು. ಇದೊಂದೂ ಸುಳ್ಳಾಗಲಿ ಎಂದು ಬೇಡಿಕೊಂಡಳು.

ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ತಂಗಿ ಮಂಚದ ಅಂಚಿನಲ್ಲಿ ಕೂತು, ಕಂಬಳಿ ಸುತ್ತಿದ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಟಲಿಯನ್ನು ಬಾಯಿಗೆ ಹಿಡಿದಿದ್ದಳು.

"ಒಳ್ಳೇದಾಯ್ತು ಅಕ್ಕ, ಬಂದೆ. ಯಾಕೋ ಬೆಳಗ್ಗೆಯಿಂದ ಮಂಕಾಗಿದ್ದಾಳೆ, ಹಾಲೂ ಎಳೀತಿಲ್ಲ. ಚಳಿ ಆಗಿರಬೇಕು ಅಂತ ಸುತ್ತಿದ್ದೀನಿ."

ವಾಲ್ವಕ್ಕ ಬಾಟಲಿ ಕಿತ್ತುಕೊಂಡಳು. ಕಂಬಳಿ ಸರಿಸಿದಳು. ಮಗುವಿನ ತುಟಿಗೆ ಶಾಯಿ ಮೆತ್ತಿದ ಹಾಗಿತ್ತು. ಪುಟ್ಟ ಉಗುರುಗಳೂ ಹಾಗೇ. ಮುಖ ಬೂದುಬಣ್ಣಕ್ಕೆ ತಿರುಗಿತ್ತು. ಕಣ್ಣು ಅರೆ ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ.

"ಆಸ್ಪತ್ರೆಗೆ ನಡಿ. ಈಗಲೇ" ಎಂದಳು.

"ಯಾಕಕ್ಕ, ಏನಾಯ್ತು? ಅಕ್ಕ, ಏನಾದ್ರೂ ಹೇಳು."

ವಾಲ್ವಕ್ಕ ಒಲೆ ಆರಿಸಿ, ತಂಗಿಯ ತೋಳು ಹಿಡಿದು ಎಬ್ಬಿಸಿದಳು. ಅಷ್ಟರಲ್ಲಿ ಯಜಮಾನರು ತಮ್ಮ ಪಿಕಪ್ ವ್ಯಾನಿನಲ್ಲಿ ಹಿಂದೆಯೇ ಬಂದಿದ್ದರು. ಅವರ ಮುಖದಲ್ಲೂ ರಕ್ತವಿರಲಿಲ್ಲ. ಅಕ್ಕ ತಂಗಿ ಮಗುವಿನೊಂದಿಗೆ ಹತ್ತಿ ಕೂತರು. ದಾರಿಯುದ್ದಕ್ಕೂ ತಂಗಿ ಮಗುವಿನ ಕೆನ್ನೆ ತಟ್ಟುತ್ತ, "ಕಣ್ಣು ಬಿಡು ಚಿನ್ನ, ಕಣ್ಣು ಬಿಡು" ಎನ್ನುತ್ತಿದ್ದಳು. ಗಾಡಿ ಒಂದೊಂದು ಗುಂಡಿಗೆ ಬಿದ್ದಾಗಲೂ ವಾಲ್ವಕ್ಕ ಮಗುವಿನ ಮೂಗಿನ ಬಳಿ ಬೆರಳು ಹಿಡಿದು ಉಸಿರಿದೆಯೇ ಎಂದು ನೋಡುತ್ತಿದ್ದಳು.

ಆಸ್ಪತ್ರೆ ಸಣ್ಣದು. ಉದ್ದನೆಯ ಓಣಿ, ಗೋಡೆಗೆ ಒತ್ತಿ ಬೆಂಚುಗಳು, ಕೊನೆಯಲ್ಲಿ ಮಕ್ಕಳ ಕೋಣೆ. ಡಾಕ್ಟರಮ್ಮ ಮಗುವನ್ನು ಕಂಡವರೇ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಸಿದರು. ಎದೆಗೆ ಕೊಳವೆ ಇಟ್ಟು ಕೇಳಿದರು. ಸ್ವಲ್ಪ ಹೊತ್ತು ನೋಡಿದರು. ಬಣ್ಣ ತಿಳಿಯಾಗಲಿಲ್ಲ.

"ಯಾವ ಹಾಲು ಕೊಡ್ತೀರಿ?"

"ಪುಡಿ ಹಾಲು ಮೇಡಂ. ನೀರು ಚೆನ್ನಾಗಿ ಕುದಿಸಿಯೇ ಕೊಡ್ತೀನಿ" ಎಂದಳು ತಂಗಿ.

"ನೀರು ಎಲ್ಲಿಯದು? ಬಾವಿಯದಾ? ಅದಕ್ಕೆ ಹೊಲದ ಗೊಬ್ಬರ ಏನಾದ್ರೂ ಸೇರಿದೆಯಾ?"

ತಂಗಿ ತಬ್ಬಿಬ್ಬಾಗಿ ಯಜಮಾನರ ಕಡೆ ನೋಡಿದಳು. ಯಜಮಾನರು ಮುಂದೆ ಬಂದರು. "ಸಾಧ್ಯವೇ ಇಲ್ಲ ಡಾಕ್ಟ್ರೇ. ನಮ್ಮದು ವಾಲ್ವ್ ಇರೋ ಬಾವಿ. ಇಲಾಖೆಯವರೇ ಸೀಲ್ ಹಾಕಿದ್ದಾರೆ, ಬೇಕಾದ್ರೆ ಹೋಗಿ ನೋಡ್ಬಹುದು."

ಡಾಕ್ಟರಮ್ಮ ಮಗುವಿನ ಎದೆಗೆ ಇನ್ನೊಮ್ಮೆ ಕೊಳವೆ ಇಟ್ಟು ಕೇಳಿದರು. "ಹಾಗಾದ್ರೆ ಹೃದಯದ ತೊಂದರೆ ಇರಬೇಕು. ಅದನ್ನ ನೋಡೋ ಸೌಲಭ್ಯ ಇಲ್ಲಿಲ್ಲ, ದೊಡ್ಡಾಸ್ಪತ್ರೆಗೆ ಕಳಿಸ್ಬೇಕು. ಆಂಬುಲೆನ್ಸಿಗೆ ಹೇಳ್ತೀನಿ" ಎಂದು ಫೋನಿನತ್ತ ನಡೆದರು. ದೊಡ್ಡಾಸ್ಪತ್ರೆ ಇದ್ದದ್ದು ಅರ್ಧ ದಿನದ ದಾರಿಯಲ್ಲಿ.

ವಾಲ್ವಕ್ಕ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದಳು. ಯಜಮಾನರು ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಬಿಲ್ಲೆ ವಿಷಯ ಎತ್ತಬೇಡ. ತೆಗೆದ ಕೈ ನಿನ್ನದು, ನೆನಪಿರಲಿ. ಮೊದಲು ಹಿಡ್ಕೊಂಡು ಹೋಗೋದು ನಿನ್ನನ್ನೇ. ದೊಡ್ಡಾಸ್ಪತ್ರೆಯಲ್ಲಿ ಎಲ್ಲ ಸರಿ ಮಾಡ್ತಾರೆ, ಖರ್ಚು ನನ್ನದು. ಸುಮ್ನಿದ್ದುಬಿಡು."

ಅವಳ ಬಾಯಿಗೆ ಅದೇ "ಹೂಂ" ಬಂತು, ಬಂದು ತುಟಿಯವರೆಗೂ ತಲುಪಿತು. ಹಿಡಿದುಕೊಂಡು ಹೋಗುತ್ತಾರೆ. ಅಂಗಡಿ ಮುಚ್ಚುತ್ತದೆ. ತಂಗಿ ಜನ್ಮದಲ್ಲಿ ಮುಖ ನೋಡುವುದಿಲ್ಲ. ಊರಿನವರೆಲ್ಲ ಕಲ್ಲು ಹೊಡೆಯುತ್ತಾರೆ. ಒಂದೊಂದೂ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಆಗ ಒಳಗಿನಿಂದ ಮಗುವಿನ ಸದ್ದು ಕೇಳಿಸಿತು. ಅದು ಅಳುವೂ ಆಗಿರಲಿಲ್ಲ, ಅಳಲು ಶಕ್ತಿಯಿಲ್ಲದೆ ಬಂದ ಒಂದು ಸಣ್ಣ ನರಳು.

"ಮೇಡಂ" ಎಂದಳು. ದನಿ ಒಡೆದು ಕೀರಲಾಗಿ ಬಂತು. "ವಾಲ್ವ್ ಇದೆ, ಒಳಗೆ ಬಿಲ್ಲೆ ಇಲ್ಲ. ನಾನೇ ತೆಗೆದದ್ದು. ನಿನ್ನೆ ಮಧ್ಯಾಹ್ನ ಒಂದು ಡ್ರಮ್ ನೈಟ್ರೇಟ್ ಗೊಬ್ಬರ ಬಾವಿಗೆ ಇಳಿದಿದೆ. ಮಗು ಕುಡಿದದ್ದು ಅದೇ ನೀರು. ಕುದಿಸಿ ಬತ್ತಿಸಿದ ನೀರು. ಹಾಗೆ ಕುದಿಸು ಅಂತ ಹೇಳಿದ್ದೂ ನಾನೇ."

ಡಾಕ್ಟರಮ್ಮ ಫೋನು ಕೆಳಗಿಟ್ಟರು. ಬೈಯಲಿಲ್ಲ, ಬೈಯಲು ಪುರಸೊತ್ತೂ ಇರಲಿಲ್ಲ. ಮಗುವಿನ ಕಾಲಿನಿಂದ ಒಂದು ಹನಿ ರಕ್ತ ತೆಗೆದು ಬಿಳಿ ಬಟ್ಟೆಯ ಮೇಲೆ ಇಳಿಸಿ, ಗಾಳಿಗೆ ಹಿಡಿದರು. ಅದು ಕೆಂಪಾಗಲಿಲ್ಲ. ಕಾಫಿಯ ಕಲೆಯ ಹಾಗೆ ಕಂದಾಗಿಯೇ ಉಳಿಯಿತು. ಡಾಕ್ಟರಮ್ಮ ನರ್ಸಿಗೆ ಒಂದು ಔಷಧಿಯ ಹೆಸರು ಹೇಳಿದರು, ನರ್ಸು ಓಡಿದಳು. ನೀಲಿ ಬಣ್ಣದ ಔಷಧಿ. ನೀಲಿಗಟ್ಟಿದ ಮಗುವಿಗೆ ನೀಲಿ ಔಷಧಿಯೇ ಎಂದು ವಾಲ್ವಕ್ಕನ ಕರುಳು ಕಿತ್ತುಬಂತು. ಸೂಜಿ ಆ ಎಳೆಯ ನರದೊಳಗೆ ನಿಧಾನವಾಗಿ, ತೀರಾ ನಿಧಾನವಾಗಿ ಇಳಿಯಿತು.

ಆಮೇಲಿನದು ಬರೀ ಕಾಯುವುದು. ವಾಲ್ವಕ್ಕನನ್ನು ಒಳಗೆ ಯಾರೂ ಕರೆಯಲಿಲ್ಲ, ಹೊರಗೆ ಹೋಗೆಂದೂ ಹೇಳಲಿಲ್ಲ. ಓಣಿಯ ಬೆಂಚಿನ ಮೇಲೆ ಕುಸಿದು ಕೂತಳು. ಯಜಮಾನರು ಯಾವಾಗಲೋ ಮಾಯವಾಗಿದ್ದರು. ಬಾಗಿಲ ಸಂದಿಯಿಂದ ತಂಗಿಯ ಬೆನ್ನು ಕಾಣುತ್ತಿತ್ತು. ಆ ಬೆನ್ನು ಅಲುಗಾಡುತ್ತಿರಲಿಲ್ಲ. ತಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗಿ ಇನ್ನು ಎದ್ದು ಬಂದು ಏನು ಮಾಡುತ್ತಾಳೋ ಎಂದು ವಾಲ್ವಕ್ಕ ಆ ಬೆನ್ನಿಗೂ ಹೆದರಿದಳು. ಹೊಡೆದರೆ ಹೊಡೆಸಿಕೊಳ್ಳಬೇಕು ಎಂದುಕೊಂಡಳು. ಹೊಡೆಯದೆ ಸುಮ್ಮನೆ ನೋಡಿದರೆ ಏನು ಮಾಡಬೇಕೋ ತಿಳಿಯಲಿಲ್ಲ.

ಬಹಳ ಹೊತ್ತಾದ ಮೇಲೆ ಒಳಗಿನಿಂದ ಅಳು ಕೇಳಿಸಿತು. ಈ ಸಲ ಗಟ್ಟಿಯಾಗಿ, ಸಿಟ್ಟಿನಿಂದ, ಹಸಿದ ಮಗು ಅಳುವ ಹಾಗೆ. ಬಾಗಿಲು ತೆರೆದು ತಂಗಿ ಹೊರಗೆ ಬಂದಳು. ಅವಳ ಕಣ್ಣು ಊದಿತ್ತು.

"ತುಟಿ ಕೆಂಪಾಯ್ತು" ಎಂದಳು. "ಉಳ್ಕೋತಾಳಂತೆ."

ವಾಲ್ವಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ತಂಗಿ ಹತ್ತಿರ ಬರಲಿಲ್ಲ, ಕೈ ಹಿಡಿಯಲೂ ಇಲ್ಲ. ಬಾಗಿಲಿಗೆ ಆತುಕೊಂಡೇ ಅಕ್ಕನ ಅಳು ನಿಲ್ಲುವವರೆಗೂ ನಿಂತಳು.

"ಅಕ್ಕ, ಆ ಬಾವಿ ಒಂದರದ್ದೇನಾ ತೆಗೆದಿರೋದು?"

"ಇಲ್ಲ."

"ಎಷ್ಟು ಬಾವಿದು?"

"ಎಲ್ಲದರದ್ದೂ."

"ಆ ಸಾಲುಗಳಲ್ಲೂ ಹಾಲು ಕುಡಿಯೋ ಮಕ್ಕಳಿವೆ ಅಲ್ವಾ?"

ವಾಲ್ವಕ್ಕ ಹೌದೆಂದು ತಲೆಯಾಡಿಸಿದಳು.

"ಮತ್ತೆ ಇಲ್ಲೇನು ಕೂತಿದ್ದೀಯ?" ಎಂದಳು ತಂಗಿ.